ಸೆಕೆಂಡ್ ಹ್ಯಾಂಡ್ ಟ್ರೈಲರ್: 2018ರ 18 ಚಕ್ರ ತಗೊಳ್ಳೋದಾ, 2021ರ 22 ಚಕ್ರ ತಗೊಳ್ಳೋದಾ?

ಬಂಗಾರಪೇಟೆ ಲಾರಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೇಲಿ ಎರಡು ಆರು ಚಕ್ರದ ಗಾಡಿ ಇವೆ, ಕೋಲಾರ ಎಪಿಎಂಸಿಯಿಂದ ಟೊಮ್ಯಾಟೊ ಲೋಡು ಹೊಡೆಯುತ್ತವೆ. ಸೀಸನ್ನಿನಲ್ಲಿ ಪರವಾಗಿಲ್ಲ, ಸೀಸನ್ ಮುಗಿದರೆ ಗಾಡಿ ಮನೆ ಮುಂದೆ ನಿಂತಿರುತ್ತೆ, ಇಎಂಐ ಮಾತ್ರ ನಿಲ್ಲಲ್ಲ. ಈಗ ಒಬ್ಬರು ಟ್ರಾನ್ಸ್‌ಪೋರ್ಟಿನವರು, ಚೆನ್ನೈ ಪೋರ್ಟಿನಿಂದ ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳಿಗೆ ಕಂಟೇನರ್ ತರ್ತಾರೆ, ಟ್ರೈಲರ್ ಗಾಡಿ ತಂದರೆ ಅಟ್ಯಾಚ್ ಮಾಡಿಕೊಳ್ತೀವಿ ಅಂದಿದ್ದಾರೆ. ಹೊಸದು ತಗೊಳ್ಳೋ ಶಕ್ತಿ ಇಲ್ಲ. ಸೆಕೆಂಡ್ ಹ್ಯಾಂಡೇ ನೋಡ್ತಾ ಇದ್ದೀನಿ.

ಎರಡು ಗಾಡಿ ಸಿಕ್ಕಿವೆ. ಒಂದು ಟಾಟಾ 4018, 2018 ಮಾರ್ಚ್ ರಿಜಿಸ್ಟ್ರೇಶನ್, ಬಿಎಸ್-4 (ಹೊಗೆ ನಿಯಮದ ಹಳೇ ಮಟ್ಟ), 40 ಅಡಿ ಸ್ಕೆಲಿಟನ್ ಟ್ರೈಲರ್ (ಕಂಟೇನರ್ ಕೂರಿಸೋ ಬರೀ ಚೌಕಟ್ಟು) ಸಮೇತ 14 ಲಕ್ಷ ಹೇಳ್ತಿದ್ದಾರೆ. ಇನ್ನೊಂದು 2021ರದ್ದು, 55 ಟನ್ನಿನ 22 ಚಕ್ರ, ಬಿಎಸ್-6, ಫೈನಾನ್ಸಿನವರು ಎತ್ತಿಕೊಂಡು ಬಂದಿರೋ ಗಾಡಿ, ಯಾರ್ಡಿನಲ್ಲಿದೆ, 24ಕ್ಕೆ ಬಿಡಬಹುದು ಅಂತ ಬ್ರೋಕರ್ ಹೇಳ್ತಾನೆ. ಮೊದಲನೇ ಗಾಡಿಯವರು ಲೀಟರಿಗೆ 4 ಕಿ.ಮೀ. ಕೊಡುತ್ತೆ ಅಂತ ಎದೆ ತಟ್ಟಿ ಹೇಳ್ತಾರೆ. ಎರಡನೇದು ಎಷ್ಟು ಕೊಡುತ್ತೋ ಹೇಳೋಕೆ ಯಾರೂ ಇಲ್ಲ, ಡ್ರೈವರೇ ಓಡಿಹೋಗಿದ್ದಾನೆ. ನನಗೆ ಬೇಕಾಗಿರೋದು ಎರಡೇ, ಡೀಸೆಲ್ ಕಡಿಮೆ ಕುಡೀಬೇಕು, ದಾರೀಲಿ ನಿಲ್ಲಬಾರದು. ಯಾವುದಕ್ಕೆ ಹೋಗಲಿ? ಅನುಭವ ಇರೋರು ದಯವಿಟ್ಟು ಹೇಳಿ.

ಶಿರಾ ಗೇಟ್:

ನಾನು ತುಮಕೂರಿನವನು, ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್ ತುಂಬಿ ಹಿರಿಯೂರು, ಶಿರಾ ಮೇಲೆ ನೆಲಮಂಗಲಕ್ಕೆ ಇಳಿಸೋ ಗಾಡಿಗಳು ನಮ್ಮವು. ನಿಮ್ಮ ರೂಟು ಬೇರೆ, ನಮ್ಮದು ಬೇರೆ. ಆದರೂ ಹೇಳ್ತೀನಿ, "ಎಷ್ಟು ಕೊಡುತ್ತೆ" ಅಂತ ಸುಮ್ನೆ ಕೇಳಿದರೆ ಯಾವನೂ ನಿಜ ಹೇಳೋಕೆ ಆಗಲ್ಲ. ಎಷ್ಟು ಟನ್ ಹಾಕಿಕೊಂಡು, ಯಾವ ಕಡೆಯಿಂದ ಯಾವ ಕಡೆಗೆ, ವಾಪಸ್ ಲೋಡಾ ಖಾಲಿನಾ, ಅದನ್ನ ಕೇಳಿ.

ಆ 4 ಅನ್ನೋದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಖಾಲಿ ಹೋಗುವಾಗಿನ ಲೆಕ್ಕಾನೂ ಸೇರಿಸಿ ಹೇಳಿರಬಹುದು, ಅಥವಾ ಹಗುರ ಮಾಲು ಹೊಡೆದಿರಬಹುದು. ನಿಮ್ಮ ಲೈನ್ ಹೇಗಿದೆ ನೋಡಿ. ಚೆನ್ನೈ ಸಮುದ್ರದ ಮಟ್ಟದಲ್ಲಿದೆ. ಕೋಲಾರ 800 ಮೀಟರಿಗಿಂತ ಮೇಲಿದೆ. ಹೋಗೋವಾಗ ಖಾಲಿ, ಇಳಿಜಾರು. ಬರೋವಾಗ ಫುಲ್ ಲೋಡು, ಏರು. 40 ಟನ್ ತೂಕವನ್ನ 800 ಮೀಟರ್ ಮೇಲೆ ಎತ್ತೋಕೆ ಎಷ್ಟು ಶಕ್ತಿ ಬೇಕು ಅಂತ ನಮ್ಮ ಹುಡುಗ ಒಂದ್ಸಲ ಲೆಕ್ಕ ಹಾಕಿ ತೋರಿಸಿದ, ಅವನು ಡಿಪ್ಲೊಮಾ ಓದ್ತಾ ಇದ್ದಾನೆ. ಬರೀ ಎತ್ತರಕ್ಕೇ 20ರಿಂದ 25 ಲೀಟರ್ ಡೀಸೆಲ್ ಬೇಕಂತೆ! ರೋಡು, ಗಾಳಿ, ಟೈರು ತಿನ್ನೋದು ಬೇರೆ. ಯಾವ ಕಂಪನಿ ಎಂಜಿನ್ ಹಾಕಿದರೂ ಈ 20 ಲೀಟರನ್ನ ಉಳಿಸೋಕೆ ಆಗಲ್ಲ.

ಹಾಗಾಗಿ ಒಂದು ಅಂದಾಜು ಹೇಳ್ತೀನಿ. 270 ಕಿ.ಮೀ. ಖಾಲಿ ಇಳಿಯೋವಾಗ ಲೀಟರಿಗೆ 5 ಬಂತು ಅಂದ್ಕೊಳ್ಳಿ, 54 ಲೀಟರ್. ಲೋಡಲ್ಲಿ ಹತ್ತೋವಾಗ 2.6 ಅಂದ್ಕೊಳ್ಳಿ, 104 ಲೀಟರ್. ಒಟ್ಟು 540 ಕಿ.ಮೀ.ಗೆ 158 ಲೀಟರ್, ಅಂದರೆ 3.4. ಅದೇ ಗಾಡಿ, ಅದೇ ಡ್ರೈವರ್. ಮಾರೋನು 5 ಅಂತಲೂ ಹೇಳಬಹುದು, ಬೈದುಕೊಳ್ಳೋ ಡ್ರೈವರು 2.6 ಅಂತಲೂ ಹೇಳಬಹುದು, ಇಬ್ಬರದೂ ನಿಜವೇ. ನೀವು ಹಿಡ್ಕೊಬೇಕಾಗಿರೋದು ಹೋಗಿ ಬಂದ ಸರಾಸರಿ, ಅದೂ ಟ್ಯಾಂಕ್ ಫುಲ್ ಮಾಡಿ ಹೊರಟು, ವಾಪಸ್ ಬಂದು ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿದಾಗ ಬರೋ ಲೆಕ್ಕ. ಡ್ಯಾಶ್‌ಬೋರ್ಡಿನಲ್ಲಿ ತೋರಿಸೋದನ್ನ ನಂಬಿ ಕೂರಬೇಡಿ.

ಇನ್ನೊಂದು, 3ಕ್ಕೂ 3.3ಕ್ಕೂ ಏನು ಮಹಾ ವ್ಯತ್ಯಾಸ ಅನ್ಸುತ್ತೆ. ತಿಂಗಳಿಗೆ 6000 ಕಿ.ಮೀ. ಓಡಿದರೆ 180 ಲೀಟರ್ ವ್ಯತ್ಯಾಸ, ಲೀಟರ್ 91ರ ಲೆಕ್ಕದಲ್ಲಿ 16 ಸಾವಿರದ ಮೇಲೆ. ಆದರೆ ಗಾಡಿ ತಿಂಗಳಲ್ಲಿ ಎರಡು ಟ್ರಿಪ್ಪು ತಪ್ಪಿಸಿಕೊಂಡು ಶೆಡ್ಡಿನಲ್ಲಿ ನಿಂತರೆ ಆ 16 ಸಾವಿರ ಎಲ್ಲಿಗೂ ಸಾಲಲ್ಲ. ಅದಕ್ಕೆ ನಾನು ಮೈಲೇಜನ್ನ ಎರಡನೇ ಜಾಗದಲ್ಲಿ ಇಡ್ತೀನಿ. ಮೊದಲು ಗಾಡಿ ನಿಲ್ಲಬಾರದು.

ಬಂಗಾರಪೇಟೆ ಲಾರಿ:

ಅಣ್ಣ ತುಂಬಾ ಥ್ಯಾಂಕ್ಸ್, ಹೀಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹಾಗಾದರೆ ಏರಿಗೆ ಜಾಸ್ತಿ ಪವರ್ ಇರೋ 22 ಚಕ್ರಾನೇ ಒಳ್ಳೇದಾ?

ಶಿರಾ ಗೇಟ್:

ಅದಕ್ಕೆ ಮುಂಚೆ ತೂಕದ ಲೆಕ್ಕ ನೋಡಿ. ಟಾಟಾ, ಲೇಲ್ಯಾಂಡ್, ಭಾರತ್‌ಬೆಂಜ್, ಎಲ್ಲರ ಮಾಡೆಲ್ ನಂಬರೂ ಹೆಚ್ಚುಕಮ್ಮಿ ಒಂದೇ ಥರ. ಮೊದಲ ಎರಡು ಅಂಕಿ ಟ್ರೈಲರ್ ಸೇರಿ ಒಟ್ಟು ಟನ್ನು, ಆಮೇಲಿನ ಎರಡಕ್ಕೆ ಸೊನ್ನೆ ಸೇರಿಸಿದರೆ ಹಾರ್ಸ್‌ಪವರ್. 4018 ಅಂದರೆ 40 ಟನ್, 180 ಹಾರ್ಸ್‌ಪವರ್. 5530 ಅಂದರೆ 55 ಟನ್, 300.

2018 ಜುಲೈನಲ್ಲಿ ಕೇಂದ್ರ ಸರ್ಕಾರ ಒಂದೊಂದು ಆಕ್ಸಲ್ (ಚಕ್ರಗಳ ಅಚ್ಚು) ಹೊರಬಹುದಾದ ತೂಕದ ಮಿತಿ ಜಾಸ್ತಿ ಮಾಡಿತು. ಅದಕ್ಕೆ ಮುಂಚೆ 18 ಚಕ್ರದ ಗಾಡಿಗೆ ಮುಂದಿನ ಆಕ್ಸಲ್ 6, ಹಿಂದಿಂದು 10.2, ಟ್ರೈಲರಿನ ಮೂರು ಆಕ್ಸಲ್ ಸೇರಿ 24, ಒಟ್ಟು 40.2 ಟನ್. ಆಮೇಲೆ ಅದೇ 7, 11.5, 27 ಆಗಿ 45.5 ಆಯ್ತು. ಅದಕ್ಕೇ 4018 ಹೋಗಿ 46 ನಂಬರಿನ ಗಾಡಿಗಳು ಬಂದಿದ್ದು. ನಿಮ್ಮ ಗಾಡಿ 2018 ಮಾರ್ಚ್ ಅಂದ್ರಿ. ಆರ್‌ಸಿಯಲ್ಲಿ ಎಷ್ಟು ಬರೆದಿದೆ ಮೊದಲು ನೋಡಿ. 40.2 ಅಂತಲೇ ಇದ್ದರೆ, ಹಾರ್ಸೂ (ಎಳೆಯೋ ಮುಂದಿನ ಗಾಡಿ) ಟ್ರೈಲರೂ ಸೇರಿ 13, 14 ಟನ್ ಕಳೆದರೆ ನಿಮಗೆ ಉಳಿಯೋದು 26, 27 ಟನ್. ಕಂಟೇನರಿನ ಮೇಲೆ ಬರೆದಿರೋ ಮ್ಯಾಕ್ಸಿಮಮ್ ಸಾಮಾನ್ಯವಾಗಿ 30.48 ಟನ್. ಅದು ತುಂಬಿ ಬಂದರೆ ನಿಮಗೆ ಹಾಕೋಕೆ ಆಗಲ್ಲ, ಹಾಕಿದರೆ ಓವರ್‌ಲೋಡ್. 45.5 ಇದ್ದರೆ 32 ಟನ್ ತನಕ ಜಾಗ ಇರುತ್ತೆ, 30.48ರ ತನಕ ತುಂಬಿದ ಕಂಟೇನರ್ ಹಿಡಿಯುತ್ತೆ.

55 ಟನ್ನಿನ ಗಾಡಿ ಬೇಕಾಗೋದು ನಮ್ಮಂಥವರಿಗೆ, ಕಾಯಿಲ್ ಹೊಡೆಯೋರಿಗೆ. ಕಂಟೇನರಿಗೆ ಆ ಗಾಡಿ ತಗೊಂಡರೆ ಹಿಂದೆ ಇನ್ನೊಂದು ಆಕ್ಸಲ್, ನಾಲ್ಕು ಟೈರ್ ಜಾಸ್ತಿ, ಹಾರ್ಸಿನ ತೂಕವೇ ಸುಮಾರು ಎರಡು ಟನ್ ಜಾಸ್ತಿ, ಖಾಲಿ ಹೋಗೋವಾಗಲೂ ಅದನ್ನೆಲ್ಲ ಹೊತ್ತುಕೊಂಡು ಓಡಬೇಕು. ಬಾಡಿಗೆ ಮಾತ್ರ ಒಂದು ಕಂಟೇನರಿಂದೇ ಕೊಡ್ತಾರೆ. ಟೋಲ್ ವಿಷಯದಲ್ಲಿ ವ್ಯತ್ಯಾಸ ಇಲ್ಲ, 4ರಿಂದ 6 ಆಕ್ಸಲ್ ಎಲ್ಲಾ ಒಂದೇ ರೇಟು. ಎರಡು 20 ಅಡಿ ಭರ್ತಿ ಕಂಟೇನರ್ ಒಟ್ಟಿಗೆ ತರೋ ಕೆಲಸ ಇದ್ದರೆ ಮಾತ್ರ 55ರ ಮಾತು. ನಿಮ್ಮ ಟ್ರಾನ್ಸ್‌ಪೋರ್ಟಿನವರನ್ನ ಕೇಳಿ, ಕಳೆದ ತಿಂಗಳ ವೇ-ಬ್ರಿಡ್ಜ್ ಚೀಟಿ ನಾಲ್ಕು ತೋರಿಸಿ ಅಂತ. ಅದರ ಮೇಲೆ ಗಾಡಿ ನಿರ್ಧಾರ ಮಾಡಿ.

ನಂಗಲಿ ಬಾರ್ಡರ್:

ನಾನು ಓನರ್ ಅಲ್ಲ, ಡ್ರೈವರ್. ಇದೇ ಲೈನಿನಲ್ಲಿ ಓಡಿಸ್ತೀನಿ. ತುಮಕೂರು ಅಣ್ಣ ಹೇಳಿದ್ದು ಸರಿ, ಆದರೆ 180 ಹಾರ್ಸ್‌ಪವರ್ ಗಾಡಿಗೆ 40 ಟನ್ ಹಾಕಿ ಚಿತ್ತೂರು-ಪಲಮನೇರು ನಡುವಿನ ಮೊಗಿಲಿ ಘಾಟ್ ಹತ್ತಿಸೋರ ಕಷ್ಟ ಓನರ್‌ಗಳಿಗೆ ಗೊತ್ತಾಗಲ್ಲ. ಬಂಗಾರುಪಾಳ್ಯಂ ದಾಟಿದ ಮೇಲೆ ಗೇರು ಇಳಿಸ್ತಾ ಇಳಿಸ್ತಾ ಆಳು ನಡೆಯೋ ಸ್ಪೀಡಿಗೆ ಬರುತ್ತೆ. ಹಿಂದೆ ಬಸ್ಸುಗಳು ಹಾರ್ನ್ ಹೊಡೀತಾ ಇರ್ತವೆ. ಮೀಟರ್ ಬಿಸಿ ತೋರಿಸೋಕೆ ಶುರುವಾದರೆ ಎಸಿ ಬಿಡಿ, ಉಸಿರೇ ನಿಲ್ಲುತ್ತೆ. 220, 230 ಹಾರ್ಸ್‌ಪವರ್ ಇದ್ದರೆ ಅದೇ ಏರು ಆರಾಮ. ಮೈಲೇಜೂ ಕೆಡಲ್ಲ. ಯಾಕಂದರೆ ಸಣ್ಣ ಎಂಜಿನ್ ಯಾವಾಗಲೂ ಕಿರುಚ್ತಾ ಇರುತ್ತೆ, ದೊಡ್ಡದು ಆರ್‌ಪಿಎಂ ಮೀಟರಿನ ಗ್ರೀನ್ ಬ್ಯಾಂಡಿನಲ್ಲೇ ಎಳೆಯುತ್ತೆ. ಪವರ್ ಕಮ್ಮಿ ಇದ್ದರೆ ಡೀಸೆಲ್ ಕಮ್ಮಿ ಕುಡಿಯುತ್ತೆ ಅನ್ನೋದು ಸಪಾಟು ರೋಡಿಗೆ ಸರಿ. ಇಲ್ಲಿಗಲ್ಲ.

ಇಳಿಯೋವಾಗಿನ ಮಾತು ಇನ್ನೂ ಮುಖ್ಯ. ಎಕ್ಸ್‌ಪೋರ್ಟ್ ಲೋಡು ಹಾಕಿಕೊಂಡು ಆ ಘಾಟ್ ಇಳಿಸ್ತೀರಿ ಅಂದರೆ ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್ನಿಂದಲೇ ಗಾಡಿ ನಿಧಾನ ಮಾಡೋದು) ಕೆಲಸ ಮಾಡುತ್ತಾ ನೋಡಲೇಬೇಕು. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಅರ್ಧಕ್ಕೆ ಅರ್ಧ ಅದು ಸತ್ತಿರುತ್ತೆ, ಯಾರೂ ರಿಪೇರಿ ಮಾಡಿಸಲ್ಲ, ಬರೀ ಕಾಲ್ಬ್ರೇಕಿನಲ್ಲಿ ಇಳಿಸಿ ಲೈನರ್ ಸುಟ್ಟುಕೊಳ್ತಾರೆ. ಆ ಘಾಟಿನಲ್ಲಿ ಆಗಿರೋ ಆಕ್ಸಿಡೆಂಟುಗಳು ಎಲ್ಲರಿಗೂ ಗೊತ್ತೇ ಇದೆ.

ಡೀಸೆಲ್ ಉಳಿಸಬೇಕು ಅಂದರೆ ಇನ್ನೊಂದು. ಆಂಧ್ರದಲ್ಲಿ ಡೀಸೆಲ್ ನಮಗಿಂತ ಲೀಟರಿಗೆ ಕೆಲವು ರೂಪಾಯಿ ಜಾಸ್ತಿ. ಅದಕ್ಕೇ ಗಡಿಯ ನಂಗಲಿ ಹತ್ತಿರ ಬಂಕುಗಳ ಮುಂದೆ ಸಾಲು ನಿಂತಿರೋದು. ಗಾಡಿ ತಗೊಳ್ಳೋವಾಗ ಟ್ಯಾಂಕ್ ಎಷ್ಟು ಲೀಟರಿಂದು ನೋಡಿ. ಹೋಗಿ ಬರೋಷ್ಟು ಇಲ್ಲೇ ತುಂಬಿಸಿಕೊಳ್ಳೋ ಹಾಗಿದ್ದರೆ ಮೈಲೇಜ್ ಗಿಯಿಲೇಜ್ ಮಾತಾಡೋ ಮುಂಚೆಯೇ ದುಡ್ಡು ಉಳೀತು.

ಪೋರ್ಟಿನಲ್ಲಿ ಕಾಯೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಕ್ಯೂನಲ್ಲಿ ಎಂಜಿನ್ ಆನ್ ಮಾಡಿಕೊಂಡು ಇಂಚಿಂಚೇ ಹೋಗ್ತಾ ಇರಬೇಕು. ಕಿ.ಮೀ. ಆಗಲ್ಲ, ಡೀಸೆಲ್ ಹೋಗುತ್ತೆ. ಆಮೇಲೆ ಡ್ರೈವರ್ ಕದ್ದ ಅಂತಾರೆ.

ಕೋಲಾರ ಮೇಸ್ತ್ರಿ:

ನಾನು 20 ವರ್ಷದ ಮೇಲಿಂದ ಗಾಡಿ ರಿಪೇರಿ ಕೆಲಸದಲ್ಲಿದ್ದೀನಿ, ದೊಡ್ಡ ಗಾಡಿಗಳೇ. ಮಾಡೆಲ್ ಯಾವುದು ಅನ್ನೋದಕ್ಕಿಂತ ಆ ಗಾಡಿ ಯಾರ ಕೈಯಲ್ಲಿತ್ತು ಅನ್ನೋದು ದೊಡ್ಡದು. ಒಳ್ಳೇ ಕೈಯಲ್ಲಿದ್ದ 7 ವರ್ಷದ ಗಾಡಿ, ಕೆಟ್ಟ ಕೈಯಲ್ಲಿದ್ದ 3 ವರ್ಷದ ಗಾಡಿಗಿಂತ ಎಷ್ಟೋ ಮೇಲು. ಯಾರ್ಡಿನ ಗಾಡಿ ಅಂದರೆ ನನಗೆ ಸ್ವಲ್ಪ ಭಯ. ಕಂತು ಕಟ್ಟೋಕೆ ಆಗದೇ ಇದ್ದೋನು ಆಯಿಲ್ ಬದಲಾಯಿಸಿರ್ತಾನಾ? ಜೊತೆಗೆ ತಿಂಗಳುಗಟ್ಟಲೆ ಬಿಸಿಲು ಮಳೇಲಿ ನಿಂತಿರುತ್ತೆ. ಬ್ಯಾಟರಿ, ಟೈರ್, ರಬ್ಬರ್ ಪೈಪು, ಇಲಿ ಕಡಿದ ವೈರಿಂಗು, ಇದೆಲ್ಲ ನಿಮ್ಮ ತಲೆ ಮೇಲೆ.

ನೋಡೋಕೆ ಹೋಗೋವಾಗ ಬೆಳಿಗ್ಗೆ ಬೇಗ ಹೋಗಿ, ಬರ್ತೀವಿ ಅಂತ ಮುಂಚೆ ಟೈಮ್ ಹೇಳಬೇಡಿ. ಹೋದ ತಕ್ಷಣ ಕ್ಯಾಬಿನ್ ಎತ್ತಿಸಿ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ, ಟೀ ಕುಡಿದು ಬನ್ನಿ, ತಣ್ಣಗಾಗಲಿ. ತಣ್ಣಗಿರೋ ಎಂಜಿನ್ ಒಂದೇ ಸೆಲ್ಫ್ ಸ್ಟಾರ್ಟಿಗೆ ಹಿಡೀಬೇಕು. ಹಿಡಿದ ಮೇಲೆ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ತೊಂದರೆ ಇಲ್ಲ. ನೀಲಿ ಹೊಗೆ ನಿಲ್ಲದೇ ಬರ್ತಾ ಇದ್ದರೆ ಆಯಿಲ್ ಸುಡ್ತಾ ಇದೆ. ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ ಅಂದರೆ ಇಂಜೆಕ್ಟರ್, ಟರ್ಬೋ ಅಥವಾ ಏರ್ ಫಿಲ್ಟರ್. ಆಮೇಲೆ ಐಡ್ಲಿಂಗಿನಲ್ಲೇ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ, ತೂತಿನ ಮೇಲೆ ಅದನ್ನ ತಿರುಗಿಸಿ ಸುಮ್ನೆ ಇಡಿ. ಕೂತಲ್ಲೇ ಸ್ವಲ್ಪ ನಡುಗಿದರೆ ಸರಿ. ಎಗರಿ ಕೆಳಗೆ ಬಿದ್ದರೆ ಬ್ಯಾಕ್ ಕಂಪ್ರೆಷನ್ ಇದೆ, ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಕೆಲಸ ಹತ್ತಿರ ಬಂದಿದೆ. ಅಂಥ ಗಾಡಿಗೆ ಎಷ್ಟು ಮೈಲೇಜ್ ಅಂತ ಕೇಳೋದೇ ದಂಡ.

ಕಿ.ಮೀ. ಮೀಟರ್ ನಂಬಬೇಡಿ. ಈಗಿನ ಎಂಜಿನ್‌ಗಳಲ್ಲಿ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಒಳಗೆ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ, ಎಷ್ಟು ಡೀಸೆಲ್ ಕುಡಿದಿದೆ ಅನ್ನೋ ಲೆಕ್ಕ ಇರುತ್ತೆ. ಸ್ಕ್ಯಾನರ್ ಇರೋ ಮೇಸ್ತ್ರಿನ ಕರಕೊಂಡು ಹೋಗಿ, ಸಾವಿರ ಎರಡು ಸಾವಿರ ಕೊಡಿ, ದಂಡ ಅಲ್ಲ. ಕಿ.ಮೀ.ಯನ್ನ ಗಂಟೆಯಿಂದ ಭಾಗಿಸಿ. ಲೈನ್ ಗಾಡಿ ಆದರೆ 35, 40 ಹೀಗೆ ಬರುತ್ತೆ. 4 ಲಕ್ಷ ಕಿ.ಮೀ., 20 ಸಾವಿರ ಗಂಟೆ ಅಂದರೆ 20 ಬಂತು. ಒಂದೋ ಮೀಟರ್ ತಿರುಗಿಸಿದ್ದಾರೆ, ಇಲ್ಲಾ ಗಾಡಿ ಬರೀ ಕ್ಯೂನಲ್ಲಿ, ಕ್ವಾರಿಯಲ್ಲಿ ನಿಂತು ಉರಿದಿದೆ. ಒಟ್ಟು ಕಿ.ಮೀ.ಯನ್ನ ಒಟ್ಟು ಡೀಸೆಲ್ಲಿನಿಂದ ಭಾಗಿಸಿದರೆ ಹುಟ್ಟಿದಾಗಿನಿಂದ ಅದು ಕೊಟ್ಟ ಮೈಲೇಜೂ ಸಿಕ್ಕಿತು, ಮಾರೋನು ಎದೆ ತಟ್ಟಿಕೊಳ್ಳೋದು ಬೇಡ. ಬಿಎಸ್-6 ಗಾಡಿ ಆದರೆ ಇನ್ನೂ ಸುಲಭ, ಟಾಟಾದ್ದು ಫ್ಲೀಟ್ ಎಡ್ಜ್, ಲೇಲ್ಯಾಂಡಿನದ್ದು ಐ-ಅಲರ್ಟ್, ಮಹೀಂದ್ರದ್ದು ಐಮ್ಯಾಕ್ಸ್, ಓನರ್ ಮೊಬೈಲಿನಲ್ಲೇ ಹಳೇ ಟ್ರಿಪ್ಪುಗಳ ಲೆಕ್ಕ ಇರುತ್ತೆ. ತೋರಿಸಲ್ಲ ಅಂದರೆ ಯಾಕೆ ಅಂತ ಕೇಳಿ.

ಇನ್ನು ಯೂರಿಯಾ ವಿಷಯ, ಡೆಫ್ ಅಂತಾರಲ್ಲ, ಹೊಗೆ ಶುದ್ಧ ಮಾಡೋಕೆ ಹಾಕೋ ದ್ರವ. ಬಿಎಸ್-4ರಲ್ಲಿ ಎಲ್ಲಾ ಗಾಡಿಗೂ ಯೂರಿಯಾ ಟ್ಯಾಂಕ್ ಇರಲಿಲ್ಲ. ಲೇಲ್ಯಾಂಡಿನವರು ಇಜಿಆರ್ (ಸ್ವಲ್ಪ ಹೊಗೆಯನ್ನ ಎಂಜಿನ್ನಿಗೇ ವಾಪಸ್ ಕಳಿಸೋ ವ್ಯವಸ್ಥೆ) ಹಾಕಿದ್ದರು, ಡೆಫ್ ಬೇಕಿರಲಿಲ್ಲ. ಬಿಎಸ್-6ರಲ್ಲಿ ಭಾರಿ ಗಾಡಿಗಳಿಗೆಲ್ಲ ಡೆಫ್ ಇದೆ, ಜೊತೆಗೆ ಸೈಲೆನ್ಸರಿನಲ್ಲಿ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇದೆ. ಡೆಫ್ ಖರ್ಚು ಡೀಸೆಲ್ಲಿನ ನೂರಕ್ಕೆ 4, 5 ಲೀಟರ್ ಅಂದ್ಕೊಳ್ಳಿ. ಕೆಲವರು ಅದನ್ನೂ ಉಳಿಸೋಕೆ ಹೋಗಿ ಡೆಫ್ ಇಲ್ಲದೇ ಓಡಿಸೋ ಬೈಪಾಸ್ ಡಬ್ಬಿ ಕೂರಿಸಿರ್ತಾರೆ. ಡೆಫ್ ಟ್ಯಾಂಕಿನ ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿಲ್ಲ, ಒಳಗೆ ಧೂಳು, ಆದರೂ ಡ್ಯಾಶ್‌ಬೋರ್ಡಿನಲ್ಲಿ ಫುಲ್ ತೋರಿಸ್ತಿದೆ ಅಂದರೆ ಅದೇ ಕಥೆ. ಅಂಥದ್ದು ಮುಟ್ಟಬೇಡಿ. ಕಾನೂನಿಗೂ ವಿರುದ್ಧ, ಸರಿ ಮಾಡಿಸೋಕೆ ಹೋದರೆ ಪಂಪು, ಡೋಸರ್, ಸೆನ್ಸರ್ ಎಲ್ಲಾ ಸತ್ತಿರುತ್ತೆ.

ಗೌರಿಬಿದನೂರು ಫೈಲ್:

ನಾನು ವೆಹಿಕಲ್ ಲೋನ್ ಫೈಲ್ ನೋಡೋ ಕೆಲಸದಲ್ಲಿದ್ದವನು, ಅದಕ್ಕೆ ಕಾಗದದ ವಿಷಯ ಹೇಳ್ತೀನಿ.

ಹಾರ್ಸಿಗೆ ಒಂದು ಆರ್‌ಸಿ, ಟ್ರೈಲರಿಗೆ ಇನ್ನೊಂದು ಆರ್‌ಸಿ. ಎಷ್ಟೋ ಜನ ಮುಂದಿನ ನಂಬರ್ ಮಾತ್ರ ಚೆಕ್ ಮಾಡಿ ಬರ್ತಾರೆ. ಟ್ರೈಲರ್ ಬೇರೆಯವರ ಹೆಸರಲ್ಲಿರುತ್ತೆ, ಇಲ್ಲಾ ಟ್ರೈಲರ್ ಮೇಲೆ ಬೇರೆ ಸಾಲ ಇರುತ್ತೆ. ಎರಡರ ಚಾಸಿಸ್ ನಂಬರನ್ನೂ ಪೆನ್ಸಿಲ್ ಹಾಕಿ ಉಜ್ಜಿ ಆರ್‌ಸಿ ಜೊತೆ ತಾಳೆ ನೋಡಿ. ಫಾರಂ 29, 30ಕ್ಕೆ ಸಹಿ ಎರಡಕ್ಕೂ ಬೇಕು, ಸಾಲ ತೀರಿದ್ದರೆ ಫಾರಂ 35 ಮತ್ತು ಫೈನಾನ್ಸಿನ ಎನ್‌ಒಸಿ. ತಮಿಳುನಾಡು, ಆಂಧ್ರ ರಿಜಿಸ್ಟ್ರೇಶನ್ ಆದರೆ ಅಲ್ಲಿನ ಆರ್‌ಟಿಒ ಎನ್‌ಒಸಿ, ಅದು ಫಾರಂ 28. ಎನ್‌ಒಸಿ ಬರೋ ಮುಂಚೆ ಪೂರ್ತಿ ದುಡ್ಡು ಕೊಡಬೇಡಿ. ಬಾಕಿ ಟ್ಯಾಕ್ಸ್, ಇ-ಚಲನ್ ಎಷ್ಟಿದೆ ಅಂತ ಪರಿವಾಹನ್ ವೆಬ್‌ಸೈಟಿನಲ್ಲಿ ನೀವೇ ಕೂತು ನೋಡಿ, ಬ್ರೋಕರ್ ತೋರಿಸೋ ಸ್ಕ್ರೀನ್‌ಶಾಟ್ ಬೇಡ.

2018ರ ಗಾಡಿಗೆ ಇನ್ನೊಂದು ಖರ್ಚು ಇದೆ. 8 ವರ್ಷ ಆಗೋ ತನಕ ಫಿಟ್‌ನೆಸ್ ಸರ್ಟಿಫಿಕೇಟ್ ಅಂದರೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿ ಅಂದರೆ ಫೀಸ್ ಮಾತ್ರ ಅಲ್ಲ, ಪೇಂಟು, ರಿಫ್ಲೆಕ್ಟರ್ ಟೇಪು, ಬ್ರೇಕ್ ಕೆಲಸ, ಗಾಡಿ ನಿಲ್ಲೋ ದಿನಗಳು. ಇದನ್ನ ಬೆಲೆಯಲ್ಲಿ ಕಡಿಮೆ ಮಾಡಿಸಿ. ಸಾಲವೂ ಹಳೇ ಗಾಡಿಗೆ ಕಡಿಮೆ ವರ್ಷಕ್ಕೆ ಕೊಡ್ತಾರೆ, ಬಡ್ಡಿ ಜಾಸ್ತಿ. 14 ಲಕ್ಷದ ಗಾಡಿ ಅಗ್ಗ, 24ರದ್ದು ದುಬಾರಿ ಅಂತ ಮೇಲ್ನೋಟಕ್ಕೆ ಅನ್ಸುತ್ತೆ. ಕಂತಿನ ಚೀಟಿ ಎರಡೂ ಪಕ್ಕಪಕ್ಕ ಇಟ್ಟು ನೋಡಿದರೆ ತಿಂಗಳಿಗೆ ಅಷ್ಟು ದೂರ ಇರಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಬಿಎಸ್-6ಗೇ ಹೋಗಿ. ಐದು ವರ್ಷ ಬಿಟ್ಟು ಮಾರೋವಾಗ ಬಿಎಸ್-4 ಯಾರು ಕೇಳ್ತಾರೆ? ದೆಹಲಿ ಕಡೆ ಈಗಲೇ ಹಳೇ ಗಾಡಿಗಳನ್ನ ಒಳಗೆ ಬಿಡೋದಕ್ಕೆ ನಿರ್ಬಂಧ ಹಾಕ್ತಾ ಇದ್ದಾರೆ.

ಕೋಲಾರ ಮೇಸ್ತ್ರಿ:

ಗೌರಿಬಿದನೂರಿನವರೇ, ಕೋಲಾರದಿಂದ ಚೆನ್ನೈಗೆ ಹೋಗೋರಿಗೆ ದೆಹಲಿ ಯಾಕೆ? ನಾನು ದಿನಾ ನೋಡೋದು ಹೇಳ್ತೀನಿ. ಬಿಎಸ್-6 ಗಾಡಿ ಲೈನಿನಲ್ಲಿ ಬಿಸಿಯಾಗಿ ಓಡ್ತಾ ಇದ್ದರೆ ಚಿನ್ನ. ಪೋರ್ಟ್ ಕ್ಯೂನಲ್ಲಿ ಗಂಟೆಗಟ್ಟಲೆ ಐಡ್ಲಿಂಗ್ ಇದ್ದರೆ ಡಿಪಿಎಫ್‌ನಲ್ಲಿ ಮಸಿ ಕಟ್ಟುತ್ತೆ. ಲೈಟ್ ಬರುತ್ತೆ, ನಿಲ್ಲಿಸಿ ರೀಜನರೇಷನ್ ಮಾಡು (ಆ ಮಸಿ ಸುಟ್ಟು ಹಾಕು) ಅಂತ ಹೇಳುತ್ತೆ, ಡ್ರೈವರ್ ಆಮೇಲೆ ನೋಡೋಣ ಅಂತ ಒತ್ತಿಬಿಡ್ತಾನೆ. ಕೊನೆಗೆ ಪವರ್ ಕಟ್ ಆಗಿ ಏರಿನಲ್ಲಿ ನಿಲ್ಲುತ್ತೆ. ಆಗ ಲ್ಯಾಪ್‌ಟಾಪ್ ಇರೋ ಕಂಪನಿಯವನೇ ಬರಬೇಕು, ನಾನು ಸ್ಪ್ಯಾನರ್ ಹಿಡಿದು ಏನೂ ಮಾಡೋಕೆ ಆಗಲ್ಲ.

ನಂಗಲಿ ಬಾರ್ಡರ್:

ಡ್ರೈವರ್ ಒತ್ತಿಬಿಡ್ತಾನೆ ನಿಜ. ಆದರೆ ಗಾಡಿ ನಿಲ್ಲಿಸಿಕೊಂಡು ರೀಜನರೇಷನ್ ಮಾಡ್ತಾ ಕೂತರೆ "ಎಲ್ಲಿದ್ದೀಯಾ, ಯಾಕೆ ನಿಂತಿದ್ದೀಯಾ" ಅಂತ ಜಿಪಿಎಸ್ ನೋಡಿಕೊಂಡು ಫೋನ್ ಮಾಡೋರು ಯಾರು ಅಂತಲೂ ಹೇಳಿ ಮೇಸ್ತ್ರಿ.

ಶಿರಾ ಗೇಟ್:

ಇಬ್ಬರದೂ ಸರಿ ಬಿಡಿ. ನಮ್ಮಲ್ಲಿ ಎರಡೂ ಥರದ ಗಾಡಿ ಇವೆ. ಬಿಎಸ್-6 ಲೋಡಲ್ಲಿ ಸ್ವಲ್ಪ ಜಾಸ್ತಿ ಕೊಡುತ್ತೆ, ನಾನು ಅಲ್ಲ ಅನ್ನಲ್ಲ. ಕೆಟ್ಟರೆ ಬಿಲ್ಲೂ ಹಾಗೇ ಬರುತ್ತೆ. ನಾನು ಗಾಡಿ ತಗೊಳ್ಳೋ ಮುಂಚೆ ಮಾಡೋದು ಒಂದೇ. ಓಡಿಸೋ ದಾರೀಲಿ ಆ ಕಂಪನಿಯ ವರ್ಕ್‌ಶಾಪ್ ಎಲ್ಲೆಲ್ಲಿದೆ ಅಂತ ಬರೆದುಕೊಳ್ತೀನಿ, ಅಲ್ಲಿಗೆ ಹೋಗಿ ಪಾರ್ಟ್ಸ್ ಕೌಂಟರಿನಲ್ಲಿ ಕ್ಲಚ್ ಪ್ಲೇಟ್, ವಾಟರ್ ಪಂಪ್, ಒಂದು ಇಂಜೆಕ್ಟರ್ ಇದೆಯಾ, ರೇಟ್ ಎಷ್ಟು ಅಂತ ಕೇಳ್ತೀನಿ. "ಆರ್ಡರ್ ಹಾಕಿದರೆ ನಾಲ್ಕು ದಿನ" ಅಂದರೆ ಆ ಗಾಡಿ ಎಷ್ಟೇ ಮೈಲೇಜ್ ಕೊಟ್ಟರೂ ನನಗೆ ಬೇಡ. ಕೋಲಾರ, ಚಿತ್ತೂರು, ರಾಣಿಪೇಟೆ, ಶ್ರೀಪೆರಂಬದೂರು, ಈ ನಾಲ್ಕು ಕಡೆ ವಿಚಾರಿಸಿ.

ಟೈರ್ ವಿಷಯ ಯಾರೂ ಎತ್ತಲಿಲ್ಲ. 18 ಟೈರ್, ಹೊಸದು ಒಂದಕ್ಕೆ 20 ಸಾವಿರದ ಮೇಲೆ. ಪೂರ್ತಿ ಸೆಟ್ ಬದಲಾಯಿಸೋದು ಅಂದರೆ ಗಾಡಿ ರೇಟಿನ ಕಾಲು ಭಾಗ! ಪ್ರತಿ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2219 ಅಂದರೆ 2019ರ 22ನೇ ವಾರ ತಯಾರಾಗಿದ್ದು. ಟೈರಿನ ಮೇಲಿನ ಬಟನ್ ಚೆನ್ನಾಗಿ ಕಾಣುತ್ತೆ ಅಂತ ಸುಮ್ನಾಗಬೇಡಿ, ಹಳೇ ಟೈರಿಗೆ ಹೊಸ ರಬ್ಬರ್ ಹಾಕಿಸಿ ರೀಟ್ರೆಡ್ ಮಾಡಿಸಿದ್ದು ನೋಡೋಕೆ ಹೊಸದರ ಥರಾನೇ ಇರುತ್ತೆ. ಟ್ರೈಲರಿನ ಟೈರುಗಳು ಒಂದೇ ಕಡೆ ಸವೆದಿದ್ದರೆ ಆಕ್ಸಲ್ ಅಡ್ಡ ಎಳೀತಾ ಇದೆ. ಅದು ಟೈರನ್ನೂ ತಿನ್ನುತ್ತೆ, ಡೀಸೆಲ್ಲನ್ನೂ ತಿನ್ನುತ್ತೆ. ಇಂಥ ಗಾಡಿಗೆ ಅಲೈನ್‌ಮೆಂಟ್ ಮಾಡಿಸಿ ಗಾಳಿ ಸರಿ ಹಿಡಿದರೆ ಮೈಲೇಜ್ ತಾನಾಗೇ ಮೇಲೆ ಬರುತ್ತೆ, ಎಂಜಿನ್ ಮುಟ್ಟೋದೇ ಬೇಡ.

ಬಂಗಾರಪೇಟೆ ಲಾರಿ:

ಎಲ್ಲರಿಗೂ ಥ್ಯಾಂಕ್ಸ್. ಮೇಸ್ತ್ರಿ ಹೇಳಿದ ಹಾಗೆ ಹೇಳದೇ ಬೆಳಿಗ್ಗೆ ಹೋಗಿ 4018 ನೋಡಿಕೊಂಡು ಬಂದೆ. ಎಂಜಿನ್ ತಣ್ಣಗಿತ್ತು, ಒಂದೇ ಸೆಲ್ಫಿಗೆ ಹಿಡಿಯಿತು. ಮುಚ್ಚಳ ಇಟ್ಟಾಗ ನಡುಗಿತು, ಬೀಳಲಿಲ್ಲ. ಗಾಡಿ ಚೆನ್ನಾಗಿ ಇಟ್ಟುಕೊಂಡಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಸ್ಕ್ಯಾನರ್ ಹಾಕಿಸಿದ್ವಿ, ಹುಟ್ಟಿದಾಗಿನಿಂದ ಸರಾಸರಿ 3.3 ಬಂತು. ಅದನ್ನ ತೋರಿಸಿದ ಮೇಲೆ ಓನರ್ 4ರ ಮಾತು ನಿಲ್ಲಿಸಿ ನಕ್ಕರು.

ಆದರೆ ಆರ್‌ಸಿಯಲ್ಲಿ 40.2 ಅಂತಲೇ ಇದೆ. ಟ್ರಾನ್ಸ್‌ಪೋರ್ಟಿನವರ ಹತ್ತಿರ ವೇ-ಬ್ರಿಡ್ಜ್ ಚೀಟಿ ಕೇಳಿದೆ. ಬಹಳಷ್ಟು ಲೋಡು ಕಂಟೇನರ್ ಸೇರಿ 24, 25 ಟನ್. ನಡುನಡುವೆ 28, 29ರದ್ದೂ ಬರುತ್ತೆ. ಅವು ಬಂದಾಗ "ಹೊಂದಿಸಿಕೊಳ್ಳಿ" ಅಂತಾರೆ. ನನಗೆ ಹೊಂದಿಸಿಕೊಳ್ಳೋದು ಬೇಡ ಅನ್ನಿಸ್ತು. ಯಾರ್ಡಿನ 55 ಟನ್ ಗಾಡಿಯನ್ನೂ ಬಿಟ್ಟೆ, ಟ್ರೈಲರಿನ ಆರ್‌ಸಿ ಕೇಳಿದರೆ ಬ್ರೋಕರ್ ಇವತ್ತು ನಾಳೆ ಅಂತಾನೆ.

ಈಗ ಹೊಸಕೋಟೆ ಹತ್ತಿರ ಒಂದು 2019ರ 46 ಟನ್ ಗಾಡಿ ಇದೆಯಂತೆ, 18 ಚಕ್ರ, ಬಿಎಸ್-4, 220 ಹಾರ್ಸ್‌ಪವರ್, 17 ಹೇಳ್ತಿದ್ದಾರೆ. ಭಾನುವಾರ ಹೋಗ್ತೀನಿ. ಟ್ರೈಲರಿನಲ್ಲಿ ಏನೇನು ನೋಡಬೇಕು ಅಂತ ಮೇಸ್ತ್ರಿ ಸ್ವಲ್ಪ ಹೇಳಿ, ಎಂಜಿನ್ ವಿಷಯ ಅರ್ಥ ಆಯ್ತು, ಟ್ರೈಲರ್ ನನಗೆ ಹೊಸದು.

ಕೋಲಾರ ಮೇಸ್ತ್ರಿ:

ಒಳ್ಳೇ ಕೆಲಸ ಮಾಡಿದ್ರಿ. ಟ್ರೈಲರನ್ನ ಹಾರ್ಸಿನಿಂದ ಬಿಚ್ಚಿಸಿ ನೋಡಬೇಕು, ಬಿಚ್ಚಲ್ಲ ಅಂದರೆ ವಾಪಸ್ ಬನ್ನಿ. ಬಿಚ್ಚಿದ ಮೇಲೆ ಎರಡನ್ನೂ ಸೇರಿಸೋ ಕಿಂಗ್‌ಪಿನ್ನಿನ ಗ್ರೀಸ್ ಒರೆಸಿ. ಎರಡು ಇಂಚಿನ ಪಿನ್ ಹೊಸದರಲ್ಲಿ 50.8 ಮಿ.ಮೀ. ಇರುತ್ತೆ, 49ಕ್ಕೆ ಬಂದಿದ್ದರೆ ಬದಲಾಯಿಸಬೇಕು. ವರ್ನಿಯರ್ ಹಾಕಿ ಎರಡು ದಿಕ್ಕಿನಲ್ಲೂ ಅಳತೆ ಮಾಡಿ, ಒಂದೇ ಕಡೆ ಸವೆದಿರುತ್ತೆ. ಹಾರ್ಸಿನ ಮೇಲೆ ಆ ಪಿನ್ ಹಿಡಿಯೋ ಫಿಫ್ತ್ ವೀಲಿನ ದವಡೆಯೂ ಹಾಗೇ ನೋಡಿ. ಮತ್ತೆ ಸೇರಿಸಿದ ಮೇಲೆ ಟ್ರೈಲರ್ ಬ್ರೇಕ್ ಹಿಡಿದು ಹಾರ್ಸನ್ನ ಮುಂದೆ ಹಿಂದೆ ಜಗ್ಗಿ, ಟಕ್ ಟಕ್ ಸದ್ದು ಬಂದರೆ ಆಟ ಜಾಸ್ತಿ ಇದೆ.

ಚಾಸಿಸ್ಸಿನ ಕುತ್ತಿಗೆ ಬಗ್ಗೋ ಜಾಗ, ಸ್ಪ್ರಿಂಗ್ ಪಟ್ಟಿ ಕೂರೋ ಬ್ರಾಕೆಟ್, ಇಲ್ಲಿ ಹೊಸ ಪೇಂಟ್ ಬಳಿದಿದ್ದರೆ ಕೆರೆದು ನೋಡಿ, ಕೆಳಗೆ ವೆಲ್ಡಿಂಗ್ ಇರುತ್ತೆ. ಕಂಟೇನರ್ ಹಿಡಿಯೋ ಟ್ವಿಸ್ಟ್‌ಲಾಕ್ ಎಲ್ಲಾ ಕೈಯಲ್ಲಿ ತಿರುಗಿಸಿ, ಒಂದೂ ಅಲುಗದೇ ತುಕ್ಕು ಹಿಡಿದಿರಬಾರದು. ಗಾಳಿ ಫುಲ್ ಮಾಡಿ ಎಂಜಿನ್ ಆಫ್ ಮಾಡಿ, ಬ್ರೇಕ್ ಒತ್ತಿ ಹಿಡ್ಕೊಂಡು ಮುಳ್ಳು ಎಷ್ಟು ಬೇಗ ಇಳಿಯುತ್ತೆ ನೋಡಿ, ಒಬ್ಬರು ಹಿಂದೆ ಹೋಗಿ ಬ್ರೇಕ್ ಚೇಂಬರುಗಳ ಹತ್ತಿರ ಕಿವಿ ಕೊಡಲಿ. ಭಾನುವಾರ ನಮ್ಮ ಶೆಡ್ ರಜ. ಬೆಳಿಗ್ಗೆ ಆರಕ್ಕೆ ಹೊರಡೋದಾದರೆ ವರ್ನಿಯರ್ ತಗೊಂಡು ನಾನೇ ಬರ್ತೀನಿ, ಆರ್‌ಸಿ ಎರಡರದ್ದೂ ಫೋಟೊ ಇವತ್ತೇ ತರಿಸಿಕೊಳ್ಳಿ.